ಇಳಿವಯಸ್ಸಿನ ಕಾಯ ಮತ್ತು ಕಾಯಕ

ಶರೀರವನ್ನು ಆತ್ಮದ ಸೆರೆಮನೆಯೆಂದು ಬಗೆದು, ಅದನ್ನು ದಂಡಿಸುವುದೇ ಸಾಧನೆಯೆಂದು ನಂಬಿದ ಮಾರ್ಗಗಳು ಭಾರತದಲ್ಲಿ ಹಲವು ಬೆಳೆದು ಬಂದಿವೆ. ಹನ್ನೆರಡನೆಯ ಶತಮಾನದ ಶಿವಶರಣರು ಹಿಡಿದ ದಾರಿ ಬೇರೆ. ಅವರಿಗೆ ಕಾಯವು ತಿರಸ್ಕರಿಸಬೇಕಾದ ವಸ್ತುವಾಗಿರಲಿಲ್ಲ. ಅದು ಲಿಂಗವನ್ನು ಧರಿಸುವ ಅಂಗವಾಗಿತ್ತು, ದುಡಿಮೆಯ ಉಪಕರಣವಾಗಿತ್ತು, ದಾಸೋಹದ ಮೂಲವಾಗಿತ್ತು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಮೋಳಿಗೆಯ ಮಾರಯ್ಯನವರು ಸೌದೆ ಹೊತ್ತರು. ಮಡಿವಾಳ ಮಾಚಯ್ಯನವರು ಬಟ್ಟೆ ಒಗೆದರು. ಸತ್ಯಕ್ಕನವರು ಅಂಗಳ ಗುಡಿಸಿದರು. ಕಾಯಕವೆಂಬ ಮಾತಿನ ಒಡಲಿನಲ್ಲಿಯೇ ಕಾಯವಿದೆ. ಹಾಗಿದ್ದ ಮೇಲೆ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ: ಕಾಯವು ಸವೆಯತೊಡಗಿದಾಗ ಕಾಯಕದ ಗತಿಯೇನು? ಮೊಣಕಾಲು ನೋಯುವ, ಕಣ್ಣು ಮಂಜಾಗುವ, ಉಸಿರು ಬೇಗನೆ ಸೋಲುವ ವಯಸ್ಸಿನಲ್ಲಿ ಮನುಷ್ಯನು ತನ್ನ ಶರೀರದೊಡನೆ ಹೇಗೆ ಬಾಳಬೇಕು?

ಹಿಂದಿನ ತಲೆಮಾರುಗಳನ್ನು ಈ ಪ್ರಶ್ನೆ ಇಷ್ಟು ತೀವ್ರವಾಗಿ ಕಾಡಿರಲಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತೀಯರ ಸರಾಸರಿ ಆಯುಷ್ಯವು ಸುಮಾರು ೩೨ ವರ್ಷಗಳಷ್ಟೇ ಇತ್ತು. ಇಂದು ಅದು ೭೦ರ ಸಮೀಪಕ್ಕೆ ಬಂದಿದೆ. ಶಿಶುಮರಣ ಇಳಿದದ್ದು ಈ ಏರಿಕೆಗೆ ದೊಡ್ಡ ಕಾರಣವೆಂಬುದು ನಿಜ. ಆದರೆ ಮುಪ್ಪನ್ನು ಕಾಣುವವರ ಸಂಖ್ಯೆಯೂ ಅದರೊಡನೆ ಬೆಳೆದಿದೆ. ೨೦೧೧ರ ಜನಗಣತಿಯ ಪ್ರಕಾರ ದೇಶದಲ್ಲಿ ಅರವತ್ತು ತುಂಬಿದವರು ಹತ್ತು ಕೋಟಿಗೂ ಮಿಕ್ಕಿದ್ದರು. ಕರ್ನಾಟಕದ ಸರ್ಕಾರಿ ನೌಕರನು ೬೦ನೆಯ ವಯಸ್ಸಿಗೆ ನಿವೃತ್ತನಾಗುತ್ತಾನೆ. ಆ ಬಳಿಕ ಹದಿನೈದು ಇಪ್ಪತ್ತು ವರ್ಷ ಬಾಳುವುದು ಈಗ ಅಪರೂಪದ ಮಾತಲ್ಲ. ಒಂದು ಮಗು ಹುಟ್ಟಿ, ಓದಿ, ಪದವಿ ಪಡೆಯುವಷ್ಟು ದೀರ್ಘವಾದ ಈ ಕಾಲಾವಧಿಗೆ ಯಾವ ಸಿದ್ಧತೆಯೂ ಇಲ್ಲದೆ ಮನುಷ್ಯನು ಕಾಲಿಡುತ್ತಿದ್ದಾನೆ.

ಮನೆಗಳಲ್ಲಿ ಹಿರಿಯರ ಬಗೆಗೆ ಪ್ರೀತಿಯಿಲ್ಲವೆಂದಲ್ಲ. ಇನ್ನೂ ಅನೇಕ ಮನೆಗಳಲ್ಲಿ ಅದು ಉಳಿದಿದೆ. ಆದರೆ ಆ ಪ್ರೀತಿ ಪ್ರಕಟವಾಗುವ ರೀತಿಯನ್ನು ಸ್ವಲ್ಪ ವಿಚಾರಿಸಿ ನೋಡಬೇಕಾಗಿದೆ. ಅಜ್ಜನು ನೀರಿನ ಕೊಡವನ್ನು ಎತ್ತಹೋದರೆ ಮೊಮ್ಮಗ ಓಡಿಬಂದು ಕಸಿದುಕೊಳ್ಳುತ್ತಾನೆ. ಅಜ್ಜಿ ರೊಟ್ಟಿ ಬಡಿಯಲು ಕುಳಿತರೆ ಸೊಸೆ ಎಬ್ಬಿಸುತ್ತಾಳೆ. "ಇಷ್ಟು ದಿನ ದುಡಿದದ್ದು ಸಾಕು, ಇನ್ನು ಸುಮ್ಮನೆ ಕುಳಿತಿರಿ" ಎಂಬ ಮಾತು ಸೇವೆಯ ಪರಾಕಾಷ್ಠೆಯೆಂದು ಭಾವಿಸಲ್ಪಡುತ್ತದೆ. ತಾಯಿತಂದೆಗಳಿಂದ ಕೆಲಸ ಮಾಡಿಸುತ್ತಾರೆಂಬ ಅಪವಾದಕ್ಕೆ ಮಕ್ಕಳು ಹೆದರುತ್ತಾರೆ. ಮಕ್ಕಳ ಮರ್ಯಾದೆಗೆ ಕುಂದು ಬರಬಾರದೆಂದು ಹಿರಿಯರೂ ಕೈ ಕಟ್ಟಿ ಕೂರುತ್ತಾರೆ. ಮೊದಲು ಹೊಲದ ದಾರಿ ನಿಲ್ಲುತ್ತದೆ, ಆಮೇಲೆ ಅಂಗಡಿಯ ದಾರಿ, ಕೊನೆಗೆ ಹಿತ್ತಿಲಿನ ದಾರಿ. ಗೌರವದ ಹೆಸರಿನಲ್ಲಿ ಹಿರಿಯರಿಗೆ ದೊರೆಯುವುದು ವಿಶ್ರಾಂತಿಯಲ್ಲ, ನಿಶ್ಚಲತೆ. ವಿಶ್ರಾಂತಿಯೆಂಬುದು ದುಡಿಮೆಯ ಅನಂತರ ಬರುವ ಸುಖ. ದುಡಿಮೆಯೇ ಇಲ್ಲದ ಕಡೆ ಅದು ರೋಗದ ಪೂರ್ವರಂಗ.

ಈ ಮಾತು ಉತ್ಪ್ರೇಕ್ಷೆಯಲ್ಲವೆಂಬುದನ್ನು ಶರೀರಶಾಸ್ತ್ರ ತೋರಿಸಿಕೊಡುತ್ತದೆ. ಮೂವತ್ತು ದಾಟಿದ ಮೇಲೆ ಪ್ರತಿ ದಶಕದಲ್ಲಿಯೂ ಸುಮಾರು ನೂರಕ್ಕೆ ಮೂರರಿಂದ ಎಂಟರಷ್ಟು ಮಾಂಸಖಂಡ ಕರಗುತ್ತ ಹೋಗುತ್ತದೆ. ಅರವತ್ತರ ಮೇಲೆ ಆ ವೇಗ ಹೆಚ್ಚುತ್ತದೆ. ಎಲುಬಿನ ಸಾಂದ್ರತೆ ಮೂವತ್ತರ ಆಸುಪಾಸಿನಲ್ಲಿ ಶಿಖರ ಮುಟ್ಟಿ ಕ್ರಮೇಣ ಇಳಿಯುತ್ತದೆ; ಸ್ತ್ರೀಯರಲ್ಲಿ ಮುಟ್ಟು ನಿಂತ ಮೇಲಿನ ಕೆಲವು ವರ್ಷ ಈ ಇಳಿತ ಬಹಳ ತೀವ್ರ. ಹೃದಯವು ಒಂದು ನಿಮಿಷಕ್ಕೆ ಬಡಿಯಬಲ್ಲ ಗರಿಷ್ಠ ವೇಗ ವರ್ಷಕ್ಕೆ ಹೆಚ್ಚುಕಡಿಮೆ ಒಂದರಂತೆ ತಗ್ಗುತ್ತದೆ. ಸಮತೋಲನ ಸಡಿಲವಾಗುತ್ತದೆ, ಬಾಯಾರಿಕೆಯ ಅರಿವು ಮಂದವಾಗುತ್ತದೆ. ಇವೆಲ್ಲವೂ ಕಾಲಧರ್ಮ, ಇವುಗಳಿಂದ ಪೂರ್ಣವಾಗಿ ತಪ್ಪಿಸಿಕೊಂಡವರಿಲ್ಲ. ಆದರೆ ಮುಪ್ಪಿನ ಲೆಕ್ಕದಲ್ಲಿ ಬರೆಯಲಾಗುವ ನಷ್ಟವೆಲ್ಲ ಮುಪ್ಪಿನಿಂದಲೇ ಬಂದದ್ದಲ್ಲ. ಅದರಲ್ಲಿ ಬಹುಭಾಗ ಅನುಪಯೋಗದಿಂದ ಬಂದದ್ದು. ಬಳಸದ ಬಾವಿಯಲ್ಲಿ ಹೂಳು ತುಂಬುವಂತೆ, ಬಳಸದ ಅಂಗದಲ್ಲಿ ದೌರ್ಬಲ್ಯ ತುಂಬುತ್ತದೆ.

ಇದಕ್ಕೆ ಅಮೆರಿಕದ ಡಲ್ಲಾಸ್ ನಗರದಲ್ಲಿ ನಡೆದ ಒಂದು ಪ್ರಯೋಗ ಸ್ಪಷ್ಟ ನಿದರ್ಶನವಾಗಿದೆ. ೧೯೬೬ರಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ತರುಣರನ್ನು ಮೂರು ವಾರಗಳ ಕಾಲ ಹಾಸಿಗೆಯಲ್ಲಿ ಮಲಗಿಸಿ, ಅವರ ಶರೀರವು ಆಮ್ಲಜನಕವನ್ನು ಬಳಸಿಕೊಂಡು ದುಡಿಯುವ ಸಾಮರ್ಥ್ಯವನ್ನು ಅಳೆದರು. ಮೂವತ್ತು ವರ್ಷಗಳ ಬಳಿಕ, ೧೯೯೬ರಲ್ಲಿ, ಐವತ್ತರ ಅಂಚಿಗೆ ಬಂದಿದ್ದ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷಗಳ ವಯೋಮಾನವು ಮಾಡಿದ ಹಾನಿಗಿಂತ ತಾರುಣ್ಯದ ಮೂರು ವಾರಗಳ ಹಾಸಿಗೆ ಮಾಡಿದ ಹಾನಿಯೇ ಹೆಚ್ಚಿನದಾಗಿತ್ತು! ಅಷ್ಟೇ ಅಲ್ಲ, ನಡಿಗೆ, ನಿಧಾನದ ಓಟ, ಸೈಕಲ್ ಸವಾರಿಗಳ ಆರು ತಿಂಗಳ ಕ್ರಮಬದ್ಧ ಅಭ್ಯಾಸದಿಂದ ಅವರು ಕಳೆದುಕೊಂಡಿದ್ದ ಆ ಸಾಮರ್ಥ್ಯವು ಇಪ್ಪತ್ತರ ಹರೆಯದಲ್ಲಿ, ಹಾಸಿಗೆ ಹಿಡಿಯುವ ಮೊದಲು, ಇದ್ದ ಮಟ್ಟಕ್ಕೆ ಮರಳಿತು. ಇಪ್ಪತ್ತರ ತರುಣನನ್ನೇ ಮೂರು ವಾರಗಳ ಹಾಸಿಗೆ ಹೀಗೆ ಕುಗ್ಗಿಸಬಲ್ಲುದಾದರೆ, ಎಪ್ಪತ್ತರ ಮುದುಕನನ್ನು ಮೂರು ವರ್ಷಗಳ ಆರಾಮಕುರ್ಚಿ ಎಲ್ಲಿಗೆ ಒಯ್ದೀತು ಎಂಬುದನ್ನು ಓದುಗರೇ ಊಹಿಸಬಹುದು.

"ಐವತ್ತರವರ ಮಾತು ಬೇರೆ, ತೊಂಬತ್ತರವರ ಮಾತು ಬೇರೆ" ಎಂದು ಕೆಲವರು ಆಕ್ಷೇಪಿಸಬಹುದು. ಅದಕ್ಕೂ ಉತ್ತರವಿದೆ. ಬಾಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ ಸರಾಸರಿ ತೊಂಬತ್ತು ವರ್ಷ ವಯಸ್ಸಿನ, ದುರ್ಬಲರಾಗಿದ್ದ ಹತ್ತು ಮಂದಿ ಸ್ತ್ರೀಪುರುಷರಿಗೆ ವೈದ್ಯರ ನಿಗಾದಲ್ಲಿ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಲಾಯಿತು. ೧೯೯೦ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಭ್ಯಾಸವನ್ನು ಪೂರ್ಣಗೊಳಿಸಿದ ಒಂಬತ್ತು ಜನರ ಕಾಲಿನ ಬಲವು ಸರಾಸರಿ ನೂರಕ್ಕೆ ೧೭೪ರಷ್ಟು ಹೆಚ್ಚಿತ್ತು. ಎಂದರೆ ಮೊದಲಿದ್ದುದರ ಎರಡೂವರೆ ಪಟ್ಟಿಗೂ ಮೀರಿತ್ತು. ತೊಂಬತ್ತರಲ್ಲಿಯೂ ಮಾಂಸಖಂಡವು ಕರೆದರೆ ಓಗೊಡುತ್ತದೆ. ಕರೆಯುವವರು ಬೇಕು, ಅಷ್ಟೆ.

ಹೀಗೆಂದ ಮಾತ್ರಕ್ಕೆ ಮುಪ್ಪನ್ನು ಇಲ್ಲವೆನ್ನುವ ಹಟವೂ ವಿವೇಕವಲ್ಲ. ಸುಮ್ಮನೆ ಕೂರುವುದು ಒಂದು ತಪ್ಪಾದರೆ ಇದು ಅದಕ್ಕೆ ವಿರುದ್ಧ ದಿಕ್ಕಿನ ಇನ್ನೊಂದು ತಪ್ಪು. ಉತ್ತರ ಕರ್ನಾಟಕದ ಊರುಗಳ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯಗಳು ನಡೆಯುತ್ತವೆ. ಗರಡಿಮನೆಗಳಲ್ಲಿ ಬೆಳೆದ ಪೈಲವಾನರ ಕಥೆಗಳು ಇಂದಿಗೂ ಜನರ ಬಾಯಲ್ಲಿವೆ. ಯೌವನದಲ್ಲಿ ಗದೆ ತಿರುವಿದ ಕೈ ಅರವತ್ತೈದರಲ್ಲಿ ಅದೇ ಗದೆಯನ್ನು ಅದೇ ಎಣಿಕೆಯಷ್ಟು ತಿರುವಬೇಕೆಂದು ಹಟ ಹಿಡಿದರೆ ಭುಜ ಉಳುಕುವುದು ನಿಶ್ಚಯ. ಇಪ್ಪತ್ತು ವರ್ಷ ಮೇಜಿನ ಮುಂದೆ ಕುಳಿತಿದ್ದವರು ನಿವೃತ್ತಿಯ ಮರುದಿನವೇ ಓಡತೊಡಗಿದರೆ ಮೊಣಕಾಲು ತನ್ನ ದೂರನ್ನು ಸಲ್ಲಿಸದೆ ಬಿಡುವುದಿಲ್ಲ. ಒಂದು ವಾರದ ಉತ್ಸಾಹ, ಒಂದು ತಿಂಗಳ ನೋವು, ಆಮೇಲೆ ಜೀವಮಾನದ ವೈರಾಗ್ಯ: ಇದು ಅನೇಕರ ವ್ಯಾಯಾಮಚರಿತ್ರೆ. ಶರೀರವನ್ನು ಕೈಬಿಡುವವನೂ ಅದರ ಮಾತು ಕೇಳುವುದಿಲ್ಲ. ಅದನ್ನು ಹಿಂಸಿಸುವವನೂ ಕೇಳುವುದಿಲ್ಲ.

ಈ ಎರಡು ಅತಿಗಳ ನಡುವಣ ಹಾದಿ ಯಾವುದೆಂಬುದನ್ನು ಕನ್ನಡ ಜನತೆ ಒಂದು ವಿಷಯದಲ್ಲಿ ಆಗಲೇ ಕಂಡುಕೊಂಡಿದೆ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾದಾಗ "ಚಾಳೀಸು ಬಂತು" ಎನ್ನುತ್ತಾರೆ. ನಲವತ್ತು ಎಂಬರ್ಥದ ಹಿಂದಿಯ ಮಾತೇ ಇಲ್ಲಿ ಕಣ್ಣಿನ ಆ ಅವಸ್ಥೆಗೂ, ಅದಕ್ಕೆ ಧರಿಸುವ ಕನ್ನಡಕಕ್ಕೂ ಹೆಸರಾಗಿ ನಿಂತಿದೆ. ಚಾಳೀಸು ಬಂದವನು ಓದುವುದನ್ನು ಬಿಡುವುದಿಲ್ಲ. ಕನ್ನಡಕವಿಲ್ಲದೆಯೇ ಓದುವೆನೆಂದು ಜಿದ್ದಿಗೂ ಬೀಳುವುದಿಲ್ಲ. ಕನ್ನಡಕ ಧರಿಸಿ ಓದು ಮುಂದುವರಿಸುತ್ತಾನೆ. ಅದರಲ್ಲಿ ನಾಚಿಕೆಯನ್ನೂ ಕಾಣುವುದಿಲ್ಲ. ಕಣ್ಣಿಗೆ ಸಲ್ಲಿಸಿದ ಈ ನ್ಯಾಯವನ್ನು ಮೊಣಕಾಲಿಗೆ, ಸೊಂಟಕ್ಕೆ, ಕಿವಿಗೆ ಏಕೆ ಸಲ್ಲಿಸಬಾರದು? ಊರುಗೋಲು ಹಿಡಿದರೆ ಮುದುಕನೆನ್ನುವರೆಂದು ಅಂಜಿ ಮನೆಯಲ್ಲಿಯೇ ಉಳಿಯುವವರಿದ್ದಾರೆ. ಶ್ರವಣಸಾಧನ ಧರಿಸಲು ನಾಚಿ ನಾಲ್ಕು ಜನರ ಮಾತುಕತೆಯಿಂದಲೇ ದೂರವಾಗುವವರಿದ್ದಾರೆ. ಕೋಲು ಹಿಡಿದು ಎರಡು ಮೈಲಿ ನಡೆಯುವವನು, ಕೋಲಿಲ್ಲದೆ ಮನೆಯಲ್ಲಿ ಕುಳಿತವನಿಗಿಂತ ತರುಣನೆಂಬುದು ಅವರ ಗಮನಕ್ಕೆ ಬರುವುದಿಲ್ಲ. ಸಾಧನವನ್ನು ಒಪ್ಪಿಕೊಳ್ಳುವುದು ಸೋಲಲ್ಲ, ಕಾರ್ಯವನ್ನು ತ್ಯಜಿಸುವುದು ಸೋಲು.

ಈ ತತ್ತ್ವವನ್ನು ಯೋಗಾಭ್ಯಾಸದಲ್ಲಿ ಸಾಧಿಸಿ ತೋರಿಸಿದ ಇಬ್ಬರು ಮಹನೀಯರು ಕನ್ನಡ ನಾಡಿನವರೇ ಆಗಿದ್ದಾರೆ. ಚಿತ್ರದುರ್ಗ ಜಿಲ್ಲೆಯಲ್ಲಿ ೧೮೮೮ರಲ್ಲಿ ಜನಿಸಿದ ಟಿ. ಕೃಷ್ಣಮಾಚಾರ್ಯರು ಮೈಸೂರಿನ ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸಿದರು; ೧೯೩೪ರಲ್ಲಿ ಕನ್ನಡದಲ್ಲಿ 'ಯೋಗಮಕರಂದ'ವನ್ನು ಹೊರತಂದರು. ಅಭ್ಯಾಸವು ಮನುಷ್ಯನ ವಯಸ್ಸು, ಬಲ, ಆರೋಗ್ಯಗಳಿಗೆ ಹೊಂದಬೇಕೇ ಹೊರತು ಮನುಷ್ಯನನ್ನು ಅಭ್ಯಾಸಕ್ಕಾಗಿ ಮುರಿಯಬಾರದೆಂಬುದು ಅವರ ಬೋಧನೆಯ ಸಾರವಾಗಿತ್ತು. ತಮ್ಮ ತೊಂಬತ್ತಾರನೆಯ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಅವರು ಹಾಸಿಗೆಯಲ್ಲಿದ್ದೇ ಮಾಡಬಹುದಾದ ಅಭ್ಯಾಸಕ್ರಮವೊಂದನ್ನು ತಮಗಾಗಿ ರೂಪಿಸಿಕೊಂಡರು. ೧೯೮೯ರಲ್ಲಿ ನೂರು ತುಂಬಿದ ಮೇಲೆ ತೀರಿಕೊಂಡರು. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ಯರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ೧೯೧೮ರಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಮಲೇರಿಯಾ, ಕ್ಷಯ, ವಿಷಮಶೀತಜ್ವರಗಳಿಂದ ಬಳಲಿದ್ದ ಅವರು ಮುಂದೆ ಜಗದ್ವಿಖ್ಯಾತ ಯೋಗಾಚಾರ್ಯರಾದರು. ಹಗ್ಗ, ಪಟ್ಟಿ, ಮರದ ತುಂಡು, ದಿಂಬು, ಕುರ್ಚಿಗಳ ಆಸರೆಯಿಂದ ವೃದ್ಧರೂ ರೋಗಿಗಳೂ ಆಸನಗಳನ್ನು ಮಾಡಬಹುದೆಂದು ಅವರು ತೋರಿಸಿಕೊಟ್ಟರು. ೨೦೧೪ರಲ್ಲಿ ತೊಂಬತ್ತೈದರ ವಯಸ್ಸಿನಲ್ಲಿ ದಿವಂಗತರಾದ ಅವರು ತೊಂಬತ್ತು ದಾಟಿದ ಮೇಲೂ ಸ್ವಂತ ಅಭ್ಯಾಸವನ್ನು ನಡೆಸಿಕೊಂಡು ಬಂದಿದ್ದರು. ಇವರಿಬ್ಬರೂ ಅಭ್ಯಾಸದ ರೂಪವನ್ನು ಬದಲಿಸಿದರು, ಅಭ್ಯಾಸವನ್ನು ಬಿಡಲಿಲ್ಲ.

ಲಿಂಗವಂತರ ನಿತ್ಯಜೀವನಕ್ಕೂ ಈ ವಿಚಾರ ನೇರವಾಗಿ ಅನ್ವಯಿಸುತ್ತದೆ. ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿ ಇರಿಸಿಕೊಂಡು, ಬೆನ್ನು ನೇರಮಾಡಿ ಕುಳಿತು, ದೃಷ್ಟಿಯನ್ನು ನಿಲ್ಲಿಸುವ ಶಿವಯೋಗವು ಮನಸ್ಸಿಗೆ ಹೇಗೋ ಹಾಗೆ ಶರೀರಕ್ಕೂ ಒಂದು ಶಿಸ್ತು. ಮಠದ ದಾಸೋಹದಲ್ಲಿ ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತು ಪ್ರಸಾದ ಸ್ವೀಕರಿಸಿ ಮೇಲೇಳುವುದೂ ತೊಡೆ, ಸೊಂಟಗಳಿಗೆ ಸಹಜ ವ್ಯಾಯಾಮ. ಬ್ರೆಜಿಲ್ ದೇಶದಲ್ಲಿ ೫೧ರಿಂದ ೮೦ ವರ್ಷದೊಳಗಿನ ಎರಡು ಸಾವಿರ ಜನರನ್ನು ನೆಲದ ಮೇಲೆ ಕುಳಿತು ಏಳುವಂತೆ ಹೇಳಿ ಪರೀಕ್ಷಿಸಿ, ಆಮೇಲಿನ ವರ್ಷಗಳಲ್ಲಿ ಅವರ ಬದುಕನ್ನು ಗಮನಿಸಲಾಯಿತು. ಕೈ, ಮೊಣಕಾಲುಗಳನ್ನು ಹೆಚ್ಚು ಊರಿ ಏಳಬೇಕಾದವರಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿತ್ತೆಂದು ೨೦೧೨ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಊಟದ ಮೇಜು, ಎತ್ತರದ ಮಂಚ, ಮೆತ್ತನೆಯ ಸೋಫಾಗಳು ಮನೆಯನ್ನು ಹೊಕ್ಕ ಮೇಲೆ ದಿನಕ್ಕೆ ಹತ್ತಾರು ಸಲ ನಡೆಯುತ್ತಿದ್ದ ಈ ಕುಳಿತೇಳುವ ಕ್ರಿಯೆ ಸದ್ದಿಲ್ಲದೆ ಮರೆಯಾಗಿದೆ. ಕುಳಿತೇಳಬಲ್ಲವರು ಆ ರೂಢಿಯನ್ನು ಬಿಡದಿರುವುದು ಲೇಸು.

ಆದರೆ ಕೀಲು ಸವೆದು ನೆಲಕ್ಕೆ ಕೂರಲಾಗದವರ ಮಾತೇನು? "ಕುರ್ಚಿಯ ಮೇಲೆ ಕುಳಿತು ಲಿಂಗಪೂಜೆ ಮಾಡಬಹುದೇ?" ಎಂದು ಸಂಕೋಚಪಟ್ಟು ಪೂಜೆಯನ್ನೇ ಮೊಟಕುಗೊಳಿಸುವ ಹಿರಿಯರಿದ್ದಾರೆ, ಪಂಕ್ತಿಯಲ್ಲಿ ಕೂರಲಾಗುವುದಿಲ್ಲವೆಂದು ಮಠಕ್ಕೆ ಬರುವುದನ್ನೇ ನಿಲ್ಲಿಸಿದವರಿದ್ದಾರೆ. ಇದು ದುಃಖದ ಸಂಗತಿ. ಸ್ಥಾವರವನ್ನು ಬಿಟ್ಟು, ಅಂಗದ ಮೇಲೆ ಧರಿಸುವ ಲಿಂಗವನ್ನು ಹಿಡಿದ ಧರ್ಮವು ಪೂಜೆಯನ್ನು ಒಂದು ಆಸನಕ್ಕೆ ಕಟ್ಟಿಹಾಕಲಾರದು. ಲಿಂಗಕ್ಕೆ ಆಶ್ರಯ ಅಂಗೈ. ಅಂಗೈಯನ್ನು ಹೊತ್ತ ದೇಹ ಮಣೆಯ ಮೇಲಿದೆಯೋ ಕುರ್ಚಿಯ ಮೇಲಿದೆಯೋ ಎಂಬುದರಿಂದ ಭಕ್ತಿಗೆ ಹೆಚ್ಚುಕಡಿಮೆಯಿಲ್ಲ. ಭುಜ ನೋಯುವವರು ಮೊಣಕೈಗೆ ದಿಂಬಿನ ಆಸರೆ ಕೊಟ್ಟುಕೊಂಡರೆ ದೃಷ್ಟಿಯೇನೂ ಚಂಚಲವಾಗುವುದಿಲ್ಲ. ದಾಸೋಹದ ಮನೆಯ ಒಂದು ಬದಿಯಲ್ಲಿ ನಾಲ್ಕು ಬೆಂಚುಗಳನ್ನು ಇರಿಸಿದರೆ ಪಂಕ್ತಿಯ ಸಮಾನತೆಗೆ ಭಂಗ ಬರುವುದಿಲ್ಲ. ಬದಲಾಗಿ ಪಂಕ್ತಿಯಿಂದ ಯಾರೂ ಹೊರಗುಳಿಯದಂತಾಗುತ್ತದೆ.

ದುಡಿಮೆಯೇ ವ್ಯಾಯಾಮವಲ್ಲವೇ, ಕಾಯಕ ಮಾಡುವವನಿಗೆ ಬೇರೆ ಕಸರತ್ತೇಕೆ ಎಂಬ ಪ್ರಶ್ನೆಯೂ ಕೇಳಿಬರುತ್ತದೆ. ಇದರಲ್ಲಿ ಸತ್ಯಾಂಶವಿದೆ. ಲಂಡನ್ನಿನ ಎರಡು ಮಹಡಿಯ ಬಸ್ಸುಗಳಲ್ಲಿ ದಿನವಿಡೀ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ನಿರ್ವಾಹಕರಿಗೆ ಹೃದ್ರೋಗ ಕಡಿಮೆಯೆಂದು ಜೆರೆಮಿ ಮಾರಿಸ್ ಮತ್ತು ಅವರ ಸಂಗಡಿಗರು ೧೯೫೩ರಲ್ಲಿಯೇ ತೋರಿಸಿದರು. ಆದರೂ ಎಲ್ಲ ದುಡಿಮೆಯೂ ಶರೀರವನ್ನು ಪೋಷಿಸುವುದಿಲ್ಲ. ನಲವತ್ತು ವರ್ಷ ಬಗ್ಗಿ ಕಳೆ ತೆಗೆದ ರೈತ ಮಹಿಳೆಯ ಸೊಂಟಕ್ಕೆ ಇನ್ನಷ್ಟು ಬಗ್ಗುವುದು ಬೇಕಿಲ್ಲ. ಬೆನ್ನನ್ನು ಹಿಂದಕ್ಕೆ ನೀಳಮಾಡುವ ಅಭ್ಯಾಸ ಬೇಕು, ಹಗಲಿನಲ್ಲಿ ಒಂದು ಗಳಿಗೆ ಮೈಚಾಚುವ ಬಿಡುವೂ ಬೇಕು. ಮೂಟೆ ಹೊತ್ತ ಹಮಾಲನ ಬೆನ್ನಿಗೆ ಭಾರ ಇಳಿಸುವುದೇ ಉಪಚಾರ. ಕುಳಿತು ಬಾಳಿದವರಿಗೆ ಚಲನೆ, ದುಡಿದು ಸವೆದವರಿಗೆ ಪರಿಹಾರ: ಈ ವಿವೇಚನೆ ಇಲ್ಲದೆ ಹೇಳುವ ವ್ಯಾಯಾಮದ ಉಪದೇಶ ಉಳ್ಳವರ ಹರಟೆಯಾದೀತು.

ಅವಶ್ಯವಾದ ಕ್ರಮವೇನೂ ದುಬಾರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ನೀಡಿದ ಮಾರ್ಗದರ್ಶನದಂತೆ ಅರವತ್ತೈದು ದಾಟಿದವರು ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಸಾಧಾರಣ ಶ್ರಮ, ಕನಿಷ್ಠ ಎರಡು ದಿನ ಬಲವರ್ಧಕ ಅಭ್ಯಾಸ, ಮೂರು ದಿನ ಸಮತೋಲನದ ಅಭ್ಯಾಸ ಮಾಡುವುದು ಹಿತಕರ. ದಿನಕ್ಕೆ ಅರ್ಧ ಗಂಟೆ ಮಾತಾಡುತ್ತ ನಡೆಯಬಲ್ಲ ಬಿರುಸಿನ ನಡಿಗೆ, ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಕಂಬದ ಪಕ್ಕದಲ್ಲಿ ಒಂಟಿಕಾಲಿನ ಮೇಲೆ ನಿಲ್ಲುವುದು, ಇಷ್ಟರಿಂದಲೇ ಆರಂಭ ಮಾಡಬಹುದು. ಸಕ್ಕರೆ ರೋಗ, ರಕ್ತದೊತ್ತಡ, ಹೃದಯದ ತೊಂದರೆ ಉಳ್ಳವರು ವೈದ್ಯರನ್ನು ಕೇಳಿಯೇ ತೊಡಗಬೇಕು. ಹಾಸಿಗೆಯಿಂದ ಥಟ್ಟನೆ ಏಳದೆ ಕ್ಷಣಕಾಲ ಕುಳಿತು ಏಳಬೇಕು. ಬಚ್ಚಲಿನ ಜಾರುನೆಲಕ್ಕೆ ಮೊದಲು ಮದ್ದು ಮಾಡಬೇಕು. ಆಹಾರದಲ್ಲಿಯೂ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ವಯಸ್ಸಾದ ಮೇಲೆ ಗಂಜಿ, ಸಾರು ಸಾಕೆಂದು ಕಾಳುಕಡಿಗಳನ್ನು ದೂರವಿಡುತ್ತಾರೆ. ಮಾಂಸಖಂಡ ಕರಗುವ ವಯಸ್ಸಿನಲ್ಲಿ ಸಸಾರಜನಕದ ಅಗತ್ಯ ಕಡಿಮೆಯಾಗುವುದಿಲ್ಲ. ಶಾಕಾಹಾರಿಗಳ ಮನೆಯಲ್ಲಿ ಬೇಳೆ, ಮೊಳಕೆಕಾಳು, ಹಾಲು, ಮೊಸರು, ಶೇಂಗಾಗಳು ಹಿರಿಯರ ತಟ್ಟೆಯಲ್ಲಿ, ಹಲ್ಲಿಗೆ ಒಗ್ಗುವಂತೆ ಬೆಂದು, ಇರಲೇಬೇಕು. ಬಾಯಾರಿಕೆಗೆ ಕಾಯದೆ ನೀರು ಕುಡಿಯಬೇಕು.

ವಿದ್ಯಾಸಂಸ್ಥೆಯ ಸ್ಮರಣ ಸಂಪುಟದಲ್ಲಿ ವೃದ್ಧಾಪ್ಯದ ವಿಚಾರವೇಕೆಂದು ವಿದ್ಯಾರ್ಥಿಗಳಿಗೆ ಅನ್ನಿಸಬಹುದು. ಮೂವತ್ತರವರೆಗೆ ಕೂಡಿಟ್ಟ ಎಲುಬಿನ ಸಂಪತ್ತನ್ನೇ ಮನುಷ್ಯನು ಮುಂದಿನ ಆಯುಷ್ಯವೆಲ್ಲ ಖರ್ಚು ಮಾಡುತ್ತಾನೆ. ಎಪ್ಪತ್ತರ ನಡಿಗೆಯ ಬುನಾದಿ ಬೀಳುವುದು ಹದಿನೈದರ ಆಟದ ಬಯಲಿನಲ್ಲಿ. ಆದುದರಿಂದ ಪರೀಕ್ಷೆಯ ನೆಪದಲ್ಲಿ ವ್ಯಾಯಾಮದ ಅವಧಿಯನ್ನು ಗಣಿತಕ್ಕೆ ಕೊಡುವ ಶಾಲೆ ಮಕ್ಕಳ ಮುಪ್ಪಿನಿಂದ ಸಾಲ ತೆಗೆಯುತ್ತದೆ. ಮಠಗಳು ನಡೆಸುವ ಶಾಲೆಗಳಿಗೆ ವಿಶಾಲವಾದ ಬಯಲುಗಳಿವೆ, ನೆರಳಿನ ಮರಗಳಿವೆ. ಪಾಠ ಆರಂಭವಾಗುವ ಮುನ್ನ ಒಂದು ಗಂಟೆ ಈ ಬಯಲುಗಳು ಊರಿನ ಹಿರಿಯರಿಗೆ ತೆರೆದಿರಲಿ. ವ್ಯಾಯಾಮ ಶಿಕ್ಷಕರು ವಾರಕ್ಕೆರಡು ದಿನ ಅವರಿಗೂ ಮಾರ್ಗದರ್ಶನ ಮಾಡಲಿ. ಅನ್ನದಾಸೋಹ, ಜ್ಞಾನದಾಸೋಹಗಳನ್ನು ನಡೆಸುವ ಕ್ಷೇತ್ರಗಳಿಗೆ ಈ ಆರೋಗ್ಯದಾಸೋಹವೇನೂ ಭಾರವಾಗದು.

ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳವರು ೧೯೦೭ರಲ್ಲಿ ಜನಿಸಿ, ೨೦೧೯ರಲ್ಲಿ ೧೧೧ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅಷ್ಟು ದೀರ್ಘವಾದ ಆಯುಷ್ಯ ಎಲ್ಲರ ಪಾಲಿಗೆ ಬರುವಂಥದಲ್ಲ. ಆದರೆ ನಸುಕಿನಲ್ಲಿ ಏಳುವುದು, ನಿಯತವಾದ ಪೂಜೆ, ಮಿತವಾದ ಆಹಾರ, ಮಕ್ಕಳ ಯೋಗಕ್ಷೇಮದ ಚಿಂತನೆ ಎಂಬ ಅವರ ದಿನಚರಿ ಎಲ್ಲರಿಗೂ ಎಟುಕುವಂಥದು. ನೂರು ದಾಟಿದ ಮೇಲೂ ಅವರು ಕಾಯಕದಿಂದ ನಿವೃತ್ತರಾಗಲಿಲ್ಲ. ಶರೀರ ಒಪ್ಪಿದಷ್ಟು ಮಾಡಿದರು.

ಯಾವ ವ್ಯಾಯಾಮವೂ ಸಾವನ್ನು ಗೆಲ್ಲಲಾರದು. ಗೆಲ್ಲಬೇಕೆಂಬುದು ಅದರ ಗುರಿಯೂ ಅಲ್ಲ. ತನ್ನ ಕೈಯಿಂದ ತಾನೇ ನೀರು ಕುಡಿಯುವ, ತನ್ನ ಕಾಲಿನ ಮೇಲೆ ತಾನೇ ನಿಲ್ಲುವ, ಇನ್ನೊಬ್ಬರಿಗೆ ಒಂದಿಷ್ಟು ನೆರವಾಗುವ ಶಕ್ತಿ ಸಾಧ್ಯವಾದಷ್ಟು ಕಾಲ ಉಳಿಯಲೆಂಬುದೇ ಅದರ ಗುರಿ. ಇನ್ನು ಮೇಲೆ ಹಿರಿಯರು ಕೊಡ ಎತ್ತಹೋದಾಗ ಅದನ್ನು ಕಸಿದುಕೊಳ್ಳುವುದು ಬೇಡ. ದೊಡ್ಡ ಕೊಡ ಭಾರವಾದರೆ ಚಿಕ್ಕ ಚೆಂಬನ್ನು ಅವರ ಕೈಗೆ ಕೊಟ್ಟು, ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆಯುವುದು ನಿಜವಾದ ಸೇವೆ.